ಏಳಂಗುಲದ ಪಟ್ಟ

ಶ್ರವಣಬೆಳಗೊಳಕ್ಕೆ ಹೋದ ಹೆಚ್ಚಿನವರು ದೊಡ್ಡಬೆಟ್ಟ ಹತ್ತಿ, ಗೊಮ್ಮಟನಿಗೆ ಕೈಮುಗಿದು, ಇಳಿದು ಬಸ್ಸು ಹಿಡಿಯುತ್ತಾರೆ. ಎದುರಿನ ಚಿಕ್ಕಬೆಟ್ಟಕ್ಕೆ ಹೊತ್ತು ಉಳಿದಿರುವುದಿಲ್ಲ. ಆ ಚಿಕ್ಕಬೆಟ್ಟದ, ಅಂದರೆ ಚಂದ್ರಗಿರಿಯ ಬಸದಿಗಳಲ್ಲಿ ಒಂದರ ಹೆಸರು ಸವತಿಗಂಧವಾರಣ ಬಸದಿ. 1123ರಲ್ಲಿ ಅದನ್ನು ಕಟ್ಟಿಸಿ ಶಾಂತಿನಾಥ ತೀರ್ಥಂಕರನನ್ನು ಪ್ರತಿಷ್ಠೆ ಮಾಡಿಸಿದವಳು ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ. ಬಸದಿಗೆ ಬಂದಿರುವುದು ಆಕೆಯ ಹೆಸರಲ್ಲ, ಬಿರುದು: ಉದ್ವೃತ್ತ ಸವತಿ ಗಂಧವಾರಣೆ. ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆ ಎಂದರ್ಥ.

ಎಲ್ಲವನ್ನೂ ತೊರೆದ ಜಿನನ ಮನೆಗೆ ಇಂಥ ಹೆಸರೇ ಎಂದು ಕೇಳಿದವರು ನಗುತ್ತಾರೆ. ಅಂತಃಪುರದ ಹೊಟ್ಟೆಕಿಚ್ಚಿನ ಕಥೆಯಾಗಿ ಇದನ್ನು ಹೇಳುವುದೂ ಉಂಟು. ನನಗೆ ಇದು ನಗುವ ಸಂಗತಿಯಾಗಿ ಎಂದೂ ಕಂಡಿಲ್ಲ. ಅದೇ ಹೊಯ್ಸಳ ಅರಸರ ಬಿರುದಾವಳಿಯನ್ನು ತೆಗೆದು ನೋಡಿ. ಅಲ್ಲಿ ‘ಮಲೆಪರೊಳ್ ಗಂಡ’ ಇದೆ. ಮಲೆಯ ಒಡೆಯರ ನಡುವೆ ಗಂಡೆಂದರೆ ತಾನು ಎಂಬ ಹೆಮ್ಮೆ ಅದು. ಅರಸ ತನ್ನ ಎದುರಾಳಿಗಳನ್ನು ಹೆಸರಿಸಿ ಬಿರುದು ಧರಿಸಿದರೆ ಪರಾಕ್ರಮ, ಅರಸಿ ಧರಿಸಿದರೆ ಹೊಟ್ಟೆಕಿಚ್ಚು ಎಂದು ಓದುವುದು ನಮ್ಮ ಕಣ್ಣಿನ ದೋಷ. ಅರಮನೆಯಲ್ಲಿ ಆಕೆಯ ಎದುರಾಳಿಗಳು ಯಾರು? ಬೇರೆ ಬೇರೆ ಮನೆತನಗಳಿಂದ ಬಂದ ರಾಣಿಯರು. ಅಂಥ ಒಬ್ಬೊಬ್ಬರ ಬೆನ್ನಿಗೂ ತವರಿನ ಸೈನ್ಯ, ತವರಿನ ನಂಟು, ಮಗನ ಹಕ್ಕಿನ ಮಾತು ಇರುತ್ತಿದ್ದ ಕಾಲ. ಮದುವೆಯೇ ಒಡಂಬಡಿಕೆಯಾಗಿದ್ದ ಆ ಜಗತ್ತಿನಲ್ಲಿ ಸವತಿಯೆಂದರೆ ಇನ್ನೊಂದು ರಾಜಮನೆತನದ ಪ್ರತಿನಿಧಿ. ಅವರ ನಡುವೆ ತಲೆಯೆತ್ತಿ ನಿಂತವಳು ಅದನ್ನು ಕಲ್ಲಿನಲ್ಲಿ ಹೇಳಿಸಿದಳು.

ಶಾಂತಲೆಗೆ ಬಿರುದುಗಳ ಬರವಿರಲಿಲ್ಲ. ಗೀತವಾದ್ಯನೃತ್ಯ ಸೂತ್ರಧಾರೆ, ವಿವೇಕೈಕ ಬೃಹಸ್ಪತಿ, ಪ್ರತ್ಯುತ್ಪನ್ನ ವಾಚಸ್ಪತಿ ಎಂದು ಶಾಸನ ಕವಿಗಳು ಅಡೆತಡೆಯಿಲ್ಲದೆ ಹೊಗಳಿದ್ದಾರೆ. ಕುಣಿತ, ಹಾಡು, ವಿವೇಕ, ಥಟ್ಟನೆ ಹೊಳೆಯುವ ಮಾತು ಎಲ್ಲವೂ ಬಂದವು. ಆದರೆ ಈ ಸಾಲಿನಲ್ಲಿ ಒಂದು ಪದ ಹೊಗಳಿಕೆಯ ಜಾತಿಗೆ ಸೇರಿದ್ದಲ್ಲ. ಅದು ಪಟ್ಟಮಹಾದೇವಿ. ಸಿ.ಕೆ. ನಾಗರಾಜರಾಯರು ತಮ್ಮ ದೊಡ್ಡ ಕಾದಂಬರಿಗೆ ‘ಪಟ್ಟಮಹಾದೇವಿ ಶಾಂತಲದೇವಿ’ ಎಂದು ಹೆಸರಿಟ್ಟ ಮೇಲೆ ಈ ಪದ ಕನ್ನಡದ ಮನೆಮನೆಗೆ ಬಂತು. 1983ರಲ್ಲಿ ಅದಕ್ಕೆ ಮೂರ್ತಿದೇವಿ ಪ್ರಶಸ್ತಿಯೂ ಸಂದಿತು. ಪದ ಬಂತಾದರೂ ಅದರ ತೂಕ ಪೂರ್ತಿ ಬರಲಿಲ್ಲವೆಂದು ನನಗೆ ಅನ್ನಿಸುತ್ತದೆ. ಪಟ್ಟದ ರಾಣಿ ಎಂದೊಡನೆ ನಮ್ಮ ಮನಸ್ಸಿಗೆ ಬರುವವಳು ನಾಟಕದ ಹಿರಿಯ ಹೆಂಡತಿ: ಕಿರಿಯಳನ್ನು ಕಂಡು ಕುದಿಯುವವಳು, ಇಲ್ಲವೆ ಗಂಡನ ಪಕ್ಕದಲ್ಲಿ ಮೌನವಾಗಿ ಕೂರುವವಳು. ಶಾಸನಗಳು ತೋರಿಸುವ ಹೆಣ್ಣು ಬೇರೆ. ಅಲ್ಲಿ ಪಟ್ಟಮಹಾದೇವಿ ಒಂದು ಹುದ್ದೆ.

ಈ ಹುದ್ದೆಯ ಬೇರು ಕನ್ನಡ ನಾಡಿಗಿಂತ ಹಳೆಯದು. ವೇದಕಾಲದ ಅರಸನಿಗೆ ಯಜ್ಞದಲ್ಲಿ ನಾಲ್ವರು ಹೆಂಡಿರು ಬೇಕಾಗಿದ್ದರು, ನಾಲ್ವರಿಗೂ ಬೇರೆ ಬೇರೆ ಹೆಸರು. ಮೊದಲು ಅಭಿಷೇಕವಾದವಳು ಮಹಿಷೀ. ಅಚ್ಚುಮೆಚ್ಚಿನವಳು ವಾವಾತಾ. ಮಕ್ಕಳಿಲ್ಲವೆಂದು ಬದಿಗೆ ಸರಿಸಲ್ಪಟ್ಟವಳು ಪರಿವೃಕ್ತೀ. ಕೆಳದರ್ಜೆಯ ಅಧಿಕಾರಿಯ ಮನೆಯಿಂದ ಬಂದವಳು ಪಾಲಾಗಲೀ. ಒಲವಿಗೆ ಒಂದು ಹೆಸರು, ಪದವಿಗೆ ಇನ್ನೊಂದು ಹೆಸರು ಎಂಬುದನ್ನು ಗಮನಿಸಬೇಕು. ಅರಸ ಯಾರನ್ನು ಹೆಚ್ಚು ಪ್ರೀತಿಸುತ್ತಾನೆ ಎಂಬುದಕ್ಕೂ ಮಹಿಷಿ ಯಾರು ಎಂಬುದಕ್ಕೂ ಸಂಬಂಧವಿರಲಿಲ್ಲ. ಮಹಿಷಿ ಎಂದರೆ ಎಮ್ಮೆಯೆಂಬ ಅರ್ಥವೂ ಇರುವುದರಿಂದ ಕೆಲವರಿಗೆ ಮುಜುಗರವಾಗಬಹುದು. ಎರಡರ ಹಿಂದೆಯೂ ಇರುವುದು ಹಿರಿದು, ಬಲವುಳ್ಳದ್ದು ಎಂಬ ಒಂದೇ ಭಾವ. ಕನ್ನಡದ ‘ಪಿರಿಯರಸಿ’ಯಲ್ಲೂ ಅದೇ ಹಿರಿಮೆ ಕೂತಿದೆ.

ರಾಜಸೂಯದಲ್ಲಿ ಇನ್ನೊಂದು ಆಚರಣೆಯಿದೆ. ಪಟ್ಟಕ್ಕೆ ಬರುವ ಅರಸ ‘ರತ್ನಿ’ಗಳೆಂದು ಕರೆಯುವ ರಾಜ್ಯದ ಆಧಾರಸ್ತಂಭಗಳ ಮನೆಮನೆಗೆ ಹೋಗಿ ಅಲ್ಲಲ್ಲಿ ಹವಿಸ್ಸು ಅರ್ಪಿಸಬೇಕು. ಶತಪಥ ಬ್ರಾಹ್ಮಣದ ಪಟ್ಟಿಯಲ್ಲಿ ಸೇನಾನಿ ಇದ್ದಾನೆ, ಪುರೋಹಿತ ಇದ್ದಾನೆ, ಸೂತ, ಗ್ರಾಮಣಿ, ತೆರಿಗೆಯ ಪಾಲು ಹಂಚುವವನು, ಭಂಡಾರ ನೋಡಿಕೊಳ್ಳುವವನು ಇದ್ದಾರೆ. ಅವರ ನಡುವೆ ಮಹಿಷಿಯೂ ಇದ್ದಾಳೆ. ಆಕೆಯ ಮನೆಯಲ್ಲಿ ಅದಿತಿಗೆ ಅರ್ಪಣೆ ನಡೆಯುತ್ತದೆ. ಗಂಡ ಹೆಂಡತಿಯ ಮನೆಗೆ ಬರುವ ಆಚರಣೆ ಇದಲ್ಲ. ರಾಜ್ಯ ನಿಂತಿರುವ ಕಂಬಗಳನ್ನು ಅರಸ ಒಂದೊಂದಾಗಿ ಮುಟ್ಟಿ ನೋಡುವಾಗ ರಾಣಿಯನ್ನೂ ಕಂಬವೆಂದೇ ಎಣಿಸಿದ್ದಾರೆ. ಪರಿವೃಕ್ತಿಯ ಮನೆಗೂ ಅರಸ ಹೋಗಬೇಕು. ಅಲ್ಲಿನ ಅರ್ಪಣೆ ಮಾತ್ರ ಕೇಡಿನ ದೇವತೆಯಾದ ನಿರ್ಋತಿಗೆ. ಮಕ್ಕಳಾಗದ ಹೆಣ್ಣಿಗೆ ಆ ಸಮಾಜ ಎಷ್ಟು ಕ್ರೂರವಾಗಿತ್ತು ಎಂಬುದು ಈ ಒಂದೇ ವಿಧಿಯಲ್ಲಿ ಬಯಲಾಗಿದೆ.

ಕೌಟಿಲ್ಯನಿಗೆ ಕಾವ್ಯ ಬೇಡ, ಲೆಕ್ಕ ಬೇಕು. ಅರ್ಥಶಾಸ್ತ್ರದಲ್ಲಿ ವೇತನದ ಅಧ್ಯಾಯವೇ ಇದೆ. ಮೊದಲ ದರ್ಜೆ 48,000 ಪಣ. ಈ ದರ್ಜೆಯಲ್ಲಿರುವವರು ಋತ್ವಿಜ, ಆಚಾರ್ಯ, ಮಂತ್ರಿ, ಪುರೋಹಿತ, ಸೇನಾಪತಿ, ಯುವರಾಜ, ರಾಜಮಾತೆ ಮತ್ತು ರಾಜಮಹಿಷಿ. ಮಂತ್ರಿಗೆ ಎಷ್ಟೋ ಮಹಿಷಿಗೂ ಅಷ್ಟೇ. ರಾಜಕುಮಾರರ ತಾಯಂದಿರಾದ ಇತರ ರಾಣಿಯರಿಗೆ 12,000 ಪಣ, ಅಂದರೆ ಕಾಲು ಭಾಗ. ಇಷ್ಟು ಕೊಟ್ಟರೆ ಈ ಮೊದಲ ದರ್ಜೆಯವರು ಆಮಿಷಕ್ಕೆ ಬೀಳುವುದಿಲ್ಲ, ತಿರುಗಿಬೀಳುವುದೂ ಇಲ್ಲ ಎಂಬುದು ಕೌಟಿಲ್ಯ ಕೊಡುವ ಕಾರಣ. ಮಹಿಷಿಯನ್ನು ಆತ ತಿರುಗಿಬೀಳುವ ಶಕ್ತಿಯುಳ್ಳವಳೆಂದು ತಿಳಿದಿದ್ದ. ಇದಕ್ಕಿಂತ ದೊಡ್ಡ ಗೌರವವನ್ನು ಆ ಪುಸ್ತಕದಿಂದ ನಿರೀಕ್ಷಿಸಲಾಗದು.

ರಾಣಿಯರ ಶ್ರೇಣಿ ಕಲ್ಲಿಗೂ ಬಹಳ ಬೇಗ ಬಂದಿದೆ. ಪ್ರಯಾಗದ ಕಂಬದ ಮೇಲೆ ಅಶೋಕನ ಒಂದು ಚಿಕ್ಕ ಆಜ್ಞೆಯಿದೆ. ಎರಡನೆಯ ದೇವಿ, ತೀವಲನ ತಾಯಿ ಕಾಲುವಾಕಿ ಕೊಟ್ಟ ಮಾವಿನ ತೋಪು, ಉದ್ಯಾನ, ದಾನಶಾಲೆ ಎಲ್ಲವನ್ನೂ ಆ ದೇವಿಯ ಹೆಸರಿನಲ್ಲೇ ಲೆಕ್ಕಕ್ಕೆ ಬರೆಯಬೇಕೆಂದು ಆತ ಅಧಿಕಾರಿಗಳಿಗೆ ಹೇಳುತ್ತಾನೆ. ಚಕ್ರವರ್ತಿಯ ಹೆಂಡತಿಯ ದಾನವನ್ನು ಚಕ್ರವರ್ತಿಯ ಖಾತೆಗೆ ಸೇರಿಸಬಾರದು ಎಂಬುದೇ ಆ ಆಜ್ಞೆಯ ಸಾರ. ಅವಳದು ಅವಳದೇ.

ಇನ್ನು ‘ಪಟ್ಟ’. ಇಂದು ನಮಗೆ ಪಟ್ಟವೆಂದರೆ ಅಧಿಕಾರ. ಹಿಂದೆ ಅದು ಹಣೆಗೆ ಕಟ್ಟುವ ಚಿನ್ನದ ತಗಡು, ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತು. ಅದಕ್ಕೇ ಕನ್ನಡದಲ್ಲಿ ಪಟ್ಟವನ್ನು ‘ಕಟ್ಟು’ತ್ತಾರೆ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಪಟ್ಟದ ಲಕ್ಷಣಕ್ಕೆಂದೇ ಒಂದು ಅಧ್ಯಾಯ ಬರೆದು ಅಳತೆ ಕೊಟ್ಟಿದ್ದಾನೆ. ನಡುವಿನ ಅಗಲ ಅರಸನದು ಎಂಟು ಅಂಗುಲ, ಮಹಿಷಿಯದು ಏಳು, ಯುವರಾಜನದು ಆರು, ಸೇನಾಪತಿಯದು ನಾಲ್ಕು. ಅರಸನ ಮೆಚ್ಚುಗೆಯ ಗುರುತಾಗಿ ಕೊಡುವ ಪ್ರಸಾದಪಟ್ಟಕ್ಕೆ ಎರಡೇ ಅಂಗುಲ. ಅರಸನ ಪಟ್ಟಕ್ಕೆ ಐದು ಶಿಖೆ, ಯುವರಾಜನಿಗೂ ಮಹಿಷಿಗೂ ಮೂರು, ಸೇನಾಪತಿಗೆ ಒಂದು, ಪ್ರಸಾದಪಟ್ಟಕ್ಕೆ ಶಿಖೆಯೇ ಇಲ್ಲ.

ಈ ಅಳತೆಗಳನ್ನು ಸ್ವಲ್ಪ ನಿಧಾನವಾಗಿ ಓದಬೇಕು. ರಾಣಿಗೂ ಅರಸನಿಗೂ ಒಂದು ಅಂಗುಲದ ಅಂತರ. ನಾಳೆ ಅರಸನಾಗುವ ಯುವರಾಜನಿಗಿಂತ ರಾಣಿ ಒಂದು ಅಂಗುಲ ಮೇಲೆ. ರಾಜ್ಯ ಕಾಯುವ ಸೇನಾಪತಿಯಿಂದ ಆಕೆಗೆ ಮೂರು ಅಂಗುಲದ ಎತ್ತರ. ಸೇನಾಪತಿಗೆ ಪಟ್ಟ ಕಟ್ಟಿದರೆ ಅದು ಹುದ್ದೆ, ಯುವರಾಜನಿಗೆ ಕಟ್ಟಿದರೆ ಹುದ್ದೆ, ನಡುವೆ ಮಹಿಷಿಗೆ ಕಟ್ಟಿದ್ದು ಮಾತ್ರ ಆಭರಣ ಎಂದು ಹೇಳಲು ಯಾವ ಆಧಾರವೂ ಇಲ್ಲ. ಒಂದೇ ಚಿನ್ನ, ಒಂದೇ ಅಳತೆಗೋಲು.

ನಾಟ್ಯಶಾಸ್ತ್ರವೂ ಅಂತಃಪುರದ ಹೆಂಗಸರನ್ನು ಸಾಲಾಗಿ ಹೇಳುವಾಗ ಅಭಿಷೇಕವಾದವಳನ್ನು ಮಾತ್ರ ಮಹಾದೇವಿ ಎನ್ನುತ್ತದೆ. ಉಳಿದವರು ದೇವಿ, ಸ್ವಾಮಿನಿ, ಭೋಗಿನಿ ಹೀಗೆ. ರಂಗದ ಮೇಲೆ ಯಾರು ಯಾರನ್ನು ಹೇಗೆ ಕರೆಯಬೇಕೆಂಬ ಕಟ್ಟಳೆಯೂ ಅದಕ್ಕೆ ತಕ್ಕಂತೆ ಇದೆ.

ಈಗ ಪಟ್ಟದಕಲ್ಲಿಗೆ ಬರೋಣ. ಊರಿನ ಹೆಸರಿನಲ್ಲೇ ಪಟ್ಟವಿದೆ. ಚಾಲುಕ್ಯರ ಪಟ್ಟಾಭಿಷೇಕದ ನೆಲ, ಶಾಸನಗಳ ಪಟ್ಟದ ಕಿಸುವೊಳಲು. ಮಲಪ್ರಭೆಯ ದಂಡೆಯ ಈ ದೇಗುಲಗಳ ಸಮೂಹ 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಅತಿ ದೊಡ್ಡ ಗುಡಿಯನ್ನು ನಾವು ವಿರೂಪಾಕ್ಷ ಎನ್ನುತ್ತೇವೆ, ಪಕ್ಕದ್ದನ್ನು ಮಲ್ಲಿಕಾರ್ಜುನ ಎನ್ನುತ್ತೇವೆ. ಕಟ್ಟಿದಾಗ ಅವುಗಳ ಹೆಸರು ಲೋಕೇಶ್ವರ, ತ್ರೈಲೋಕ್ಯೇಶ್ವರ. ಕಟ್ಟಿಸಿದವರು ಎರಡನೆಯ ವಿಕ್ರಮಾದಿತ್ಯನ ರಾಣಿಯರಾದ ಲೋಕಮಹಾದೇವಿ ಮತ್ತು ತ್ರೈಲೋಕ್ಯಮಹಾದೇವಿ. ಹೈಹಯ ಮನೆತನದ ಅಕ್ಕತಂಗಿಯರು ಇವರು. ಕಂಚಿಯ ಪಲ್ಲವರನ್ನು ಗಂಡ ಮೂರು ಸಲ ಗೆದ್ದದ್ದರ ನೆನಪಿಗೆ ಅಕ್ಕ ಗುಡಿಯೆತ್ತಿದಳು.

ಲೋಕಮಹಾದೇವಿ, ತ್ರೈಲೋಕ್ಯಮಹಾದೇವಿ ಎಂಬಿವು ಹುಟ್ಟಿದಾಗ ತೊಟ್ಟಿಲಲ್ಲಿ ಕೂಗಿದ ಹೆಸರುಗಳಂತೆ ನನಗೆ ಕಾಣುವುದಿಲ್ಲ. ಲೋಕಕ್ಕೆ ಮಹಾದೇವಿ, ಮೂರು ಲೋಕಕ್ಕೆ ಮಹಾದೇವಿ: ಪಟ್ಟದ ಹೊತ್ತಿಗೆ ಬಂದ ಪದವಿಯ ಹೆಸರುಗಳೇ ಇರಬೇಕು. ಹಾಗಿದ್ದರೆ ಗುಡಿಯ ದೇವರಿಗೆ ಸಂದದ್ದು ರಾಣಿಯ ಪದವಿ. ಅರಸರು ತಮ್ಮ ಹೆಸರಿನಲ್ಲಿ ಈಶ್ವರನನ್ನು ನಿಲ್ಲಿಸುವ ವಾಡಿಕೆ ಅಲ್ಲೇ ಇತ್ತು. ಮಾವ ವಿಜಯಾದಿತ್ಯ ಕಟ್ಟಿಸಿದ ವಿಜಯೇಶ್ವರ, ಈಗಿನ ಸಂಗಮೇಶ್ವರ, ಪಕ್ಕದಲ್ಲೇ ಇದೆ. ಸೊಸೆಯಂದಿರು ಆ ವಾಡಿಕೆಯನ್ನು ತಮ್ಮದಾಗಿಸಿಕೊಂಡರು, ಮಾವನ ಗುಡಿಗಿಂತ ದೊಡ್ಡದಾಗಿಯೇ ಕಟ್ಟಿಸಿದರು.

ಲೋಕೇಶ್ವರದ ಗೋಡೆಯ ಶಾಸನಗಳು ಚಿಕ್ಕವು. ಅದರಲ್ಲೊಂದು ನನಗೆ ತುಂಬ ಮೆಚ್ಚು. ವಿಜಯಾದಿತ್ಯ ಹಿಂದೆ ಗಾಯಕರಿಗೆ ಮಾಡಿಕೊಟ್ಟಿದ್ದ ವ್ಯವಸ್ಥೆಯನ್ನು ಲೋಕಮಹಾದೇವಿ ಮತ್ತೆ ಸ್ಥಿರಪಡಿಸಿದಳು ಎಂದು ಅದು ಹೇಳುತ್ತದೆ. ಹಿಂದಿನ ಅರಸನೊಬ್ಬನ ಆಜ್ಞೆಯನ್ನು ದೃಢಪಡಿಸುವುದು ಯಾರ ಕೆಲಸ? ಆಳುವವರ ಕೆಲಸ. ದಾನ ಕೊಡುವುದಕ್ಕೆ ಕೈಯಲ್ಲಿ ಹೊನ್ನಿದ್ದರೆ ಸಾಕು, ಹಳೆಯ ರಾಜಾಜ್ಞೆಯನ್ನು ಎತ್ತಿಹಿಡಿಯುವುದಕ್ಕೆ ಅಧಿಕಾರ ಬೇಕು. ಈ ಗುಡಿಯ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಆತನಿಗೆ ತ್ರಿಭುವನಾಚಾರಿ ಎಂಬ ಹೆಸರು ಸಂದದ್ದೂ ಇಲ್ಲೇ ಬರೆದಿದೆ. ರಾಣಿಗೆ ಲೋಕ, ತಂಗಿಗೆ ತ್ರಿಲೋಕ, ಶಿಲ್ಪಿಗೆ ತ್ರಿಭುವನ. ಆ ದಶಕದ ಬಾದಾಮಿಯ ಆತ್ಮವಿಶ್ವಾಸ ಹಾಗಿತ್ತು.

ವಿಕ್ರಮಾದಿತ್ಯನ ನಂತರ ಪಟ್ಟಕ್ಕೆ ಬಂದವನು ಇಮ್ಮಡಿ ಕೀರ್ತಿವರ್ಮ. ಆತ ತಂಗಿ ತ್ರೈಲೋಕ್ಯಮಹಾದೇವಿಯ ಮಗ. ಸುಮಾರು ನಾಲ್ಕು ಶತಮಾನದ ಆಚೆ ಶಾಂತಲೆಯ ವಿಷಯದಲ್ಲೂ ಹೀಗೆಯೇ ಆಯಿತು. ವಿಷ್ಣುವರ್ಧನನ ನಂತರದ ಅರಸ ನರಸಿಂಹ ಇನ್ನೊಬ್ಬ ರಾಣಿ ಲಕ್ಷ್ಮೀದೇವಿಯ ಮಗ. ನಮ್ಮ ನಾಡು ಹೆಚ್ಚು ನೆನೆಯುವ ಇಬ್ಬರು ಮಹಾದೇವಿಯರೂ ಮುಂದಿನ ಅರಸನ ತಾಯಂದಿರಲ್ಲ. ವೇದಕಾಲ ಮಕ್ಕಳಿಲ್ಲದವಳಿಗೆ ನಿರ್ಋತಿಯನ್ನು ಗಂಟುಹಾಕಿತ್ತು. ಕನ್ನಡ ನಾಡಿನ ಮಹಾದೇವಿಯ ಹಿರಿಮೆ ಮಗನ ಮೇಲೆ ನಿಂತಿರಲಿಲ್ಲ. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳಿಲ್ಲದ ಮೇಲೆ ಬದುಕಬಾರದೆಂದು ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ ಹಿಡಿದಳು. ಆ ತಾಯಿಗೆ ಪಟ್ಟವಿರಲಿಲ್ಲ, ಶಾಸನ ಮಾತ್ರ ಇದೆ.

ಪಟ್ಟವಿಲ್ಲದವರ ಮಾತು ಬಂದಾಗ ವಿನಾಪೋಟಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಬಾದಾಮಿಯ ಹತ್ತಿರದ ಮಹಾಕೂಟದಲ್ಲಿ ಆಕೆಯ ಶಾಸನವಿದೆ. ವಿಜಯಾದಿತ್ಯನ ‘ಪ್ರಾಣವಲ್ಲಭೆ’ ಎಂದು ತನ್ನನ್ನು ಕರೆದುಕೊಂಡ ಈಕೆ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಕೊಟ್ಟಳು, ಹಿರಣ್ಯಗರ್ಭ ದಾನ ಮಾಡಿದಳು. ತನ್ನ ವಂಶ ಹೇಳುವಾಗ ತಾಯಿ ಕುಚಿಪೋಟಿ, ಅಜ್ಜಿ ರೇವಮಂಚಳು ಎಂದು ಹೆಣ್ಣಿನ ಕಡೆಯಿಂದಲೇ ಹೇಳಿದಳು. ವೇದದ ವಾವಾತೆಯಂತೆ ಪ್ರಾಣವಲ್ಲಭೆಯೂ ಒಲವಿನ ಹೆಸರು, ಪದವಿಯದಲ್ಲ. ಆದರೂ ಅರಸನ ಒಲವನ್ನು ಕಲ್ಲಿನ ಮೇಲೆ ಬಿರುದಾಗಿ ಬರೆಸಿ, ಅಜ್ಜಿಯ ಹೆಸರನ್ನೂ ಸುಮಾರು ಸಾವಿರದ ಮುನ್ನೂರು ವರ್ಷ ಉಳಿಸಿದವಳಿಗೆ ನಾವು ತಲೆಬಾಗಬೇಕು.

ಶಾಸನದಲ್ಲಿ ರಾಣಿಯ ಹೆಸರು ಬಂದಾಗ ನಾವು ಬಿರುದುಗಳ ಸೊಗಸಿಗೆ ಮರುಳಾಗುತ್ತೇವೆ. ನಾನು ಕಲಿತ ಒಂದು ಉಪಾಯವೆಂದರೆ ಬಿರುದನ್ನು ದಾಟಿ ಕ್ರಿಯಾಪದವನ್ನು ಹುಡುಕುವುದು. ‘ಆಳುತ್ತಮಿರೆ’ ಎಂದಿದೆಯೆ? ಇದ್ದರೆ ಎಷ್ಟು ಊರು, ಯಾವ ಊರು? ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಶಾಸನವೊಂದಿದೆ. ಅಲ್ಲಿನ ವರ್ತಕರು ಕಟ್ಟಿಸಿದ ಬೌದ್ಧ ವಿಹಾರಕ್ಕೂ ತಾರಾದೇವಿಯ ಗುಡಿಗೂ ದತ್ತಿ ಬಿಟ್ಟ ಶಾಸನ ಅದು. ಆಗ ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯ ಇದ್ದ. ಆದರೆ ಡಂಬಳವನ್ನು, ಅಂದರೆ ಅಂದಿನ ಧರ್ಮವೊಳಲನ್ನು, ಹದಿನೆಂಟು ಅಗ್ರಹಾರಗಳೊಂದಿಗೆ ಆಳುತ್ತಿದ್ದವಳು ಆತನ ಹಿರಿಯರಸಿ ಲಕ್ಷ್ಮಾದೇವಿ. ಅಗ್ರಹಾರವೆಂದರೆ ವಿದ್ವಾಂಸರ ಊರು, ತಮ್ಮ ಹಕ್ಕಿನ ಬಗ್ಗೆ ಬಹಳ ಎಚ್ಚರವುಳ್ಳ ಮಹಾಜನರ ಊರು. ಅಂಥ ಹದಿನೆಂಟರ ಆಡಳಿತವನ್ನು ಗೌರವಕ್ಕಾಗಿ ಯಾರಿಗೂ ಕೊಡಲಾಗುತ್ತಿರಲಿಲ್ಲ.

ಅದೇ ಮನೆತನದಲ್ಲಿ ಒಂದೆರಡು ತಲೆಮಾರು ಹಿಂದೆ ಅಕ್ಕಾದೇವಿ ಇದ್ದಳು. ಆಕೆ ಯಾವ ಅರಸನ ಪಟ್ಟಮಹಾದೇವಿಯೂ ಅಲ್ಲ, ಎರಡನೆಯ ಜಯಸಿಂಹನ ಅಕ್ಕ. ಬಿರುದು ‘ಗುಣದ ಬೆಡಂಗಿ’. ಪಟ್ಟದಕಲ್ಲು ಸೇರಿದ್ದ ಕಿಸುಕಾಡು ಎಪ್ಪತ್ತನ್ನು ದೀರ್ಘಕಾಲ ಆಳಿದಳು, ಗೋಕಾಗೆಯ ಕೋಟೆಗೆ, ಇಂದಿನ ಗೋಕಾಕಕ್ಕೆ, ಮುತ್ತಿಗೆ ಹಾಕಿದಳು. ಚೋಳರ ದಾಳಿಯಲ್ಲಿ ಸೂಡಿ ಎಂಬ ಊರಿನ ಹಕ್ಕುಪತ್ರ ಹಾಳಾದಾಗ ಅಲ್ಲಿನ ಸೆಟ್ಟಿಗಳಿಗೂ ಒಕ್ಕಲುಗಳಿಗೂ ಹೊಸದಾಗಿ ಕಟ್ಟಳೆ ಬರೆಸಿಕೊಟ್ಟವಳೂ ಈಕೆಯೇ. ಬೆಡಗು ಎಂಬ ಮಾತಿನೊಳಗೆ ಕೋಟೆ ಮುತ್ತಿದ ಕೈ ಇದೆ. ರೋಣದ ಕಡೆ ಹೋದವರು ಸೂಡಿಯ ಜೋಡು ಕಳಸದ ಗುಡಿಯನ್ನೂ ಕೆತ್ತನೆಯ ಹೊಂಡವನ್ನೂ ನೋಡಿ ಬರುವಾಗ ಅಕ್ಕಾದೇವಿಯನ್ನು ಒಮ್ಮೆ ನೆನೆಯಲಿ.

ರಾಷ್ಟ್ರಕೂಟರಲ್ಲಿ ಧ್ರುವನ ರಾಣಿ ಶೀಲಮಹಾದೇವಿ ವೆಂಗಿಯ ಚಾಲುಕ್ಯರ ಮಗಳು. 786ರ ಜೇಠ್ವಾಯಿ ತಾಮ್ರಪಟದಲ್ಲಿ ಆಕೆಗೆ ಪರಮೇಶ್ವರಿ, ಪರಮಭಟ್ಟಾರಿಕೆ ಎಂಬ ಪದವಿಗಳಿವೆ. ಸಾರ್ವಭೌಮನ ಪರಮೇಶ್ವರ, ಪರಮಭಟ್ಟಾರಕಗಳ ಹೆಣ್ಣುರೂಪಗಳು ಇವು. ಪಟದಲ್ಲಿ ಭೂಮಿ ಕೊಟ್ಟವಳೂ ಆಜ್ಞೆ ಮಾಡಿದವಳೂ ಆಕೆಯೇ. ಅರಸ ಬದುಕಿದ್ದ, ಆಳುತ್ತಿದ್ದ. ಆದರೂ ಪಟ್ಟದರಸಿಯ ಆಜ್ಞೆ ಪಟ್ಟದರಸಿಯ ಹೆಸರಿನಲ್ಲೇ ಹೊರಟಿತು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಒಂದು ಕೊರತೆಯಿದೆ, ಅದನ್ನು ಮುಚ್ಚಿಡಬಾರದು. ಮಹಾದೇವಿಯ ಪಟ್ಟ ಗಂಡನ ಪಟ್ಟದ ಜೊತೆಗೆ ಬರುವಂಥದ್ದು. ಆ ಒಂದು ಅಂಗುಲದ ಅಂತರ ಕಿರಿದಾದರೂ ದಾಟಲಾಗದ್ದು. ಗಂಡ ಹೋದ ಮೇಲೆ ಸಿಂಹಾಸನದಲ್ಲಿ ತಾನೇ ಕೂರಬೇಕಾಗಿ ಬಂದ ಹೆಣ್ಣಿಗೆ ಭಾಷೆಯಲ್ಲಿ ಪದವೇ ಸಿದ್ಧವಿರಲಿಲ್ಲ. ಪುಲಕೇಶಿಯ ಸೊಸೆ, ಚಂದ್ರಾದಿತ್ಯನ ಹೆಂಡತಿ ವಿಜಯಭಟ್ಟಾರಿಕೆ ಏಳನೆಯ ಶತಮಾನದಲ್ಲಿ ನೇರೂರಿನ ಶಾಸನದಲ್ಲಿ ಕಾಲವನ್ನು ‘ಸ್ವರಾಜ್ಯ’ದ ಐದನೆಯ ವರ್ಷವೆಂದು ಹೇಳಿದಳು. ಕರಾವಳಿಯ ಬಾರಕೂರಿನಲ್ಲಿ ಹದಿಮೂರನೆಯ ಶತಮಾನದ ಕೊನೆಗೆ ಬಂದ ದಾರಿ ಇನ್ನೊಂದು. ಆಳುಪ ವೀರಪಾಂಡ್ಯನ ನಂತರ ಆತನ ರಾಣಿ ಬಲ್ಲಮಹಾದೇವಿ 1277ರಿಂದ ಸುಮಾರು ಒಂದೂವರೆ ದಶಕ ತುಳುನಾಡನ್ನು ಆಳಿದಳು. ಶಾಸನಗಳಲ್ಲಿ ಆಕೆ ಪಟ್ಟದ ಪಿರಿಯರಸಿ. ಅದರ ಜೊತೆಗೇ ಪಾಂಡ್ಯಚಕ್ರವರ್ತಿ, ಅರಿರಾಯ ಬಸವಶಂಕರ, ರಾಯಗಜಾಂಕುಶ ಎಂಬ ಆಳುಪ ಅರಸರ ಬಿರುದುಗಳೂ ಇವೆ. ಒಂದು ಅಕ್ಷರವನ್ನೂ ಹೆಣ್ಣಾಗಿಸದೆ ಹಾಗೆಯೇ ಧರಿಸಿದ್ದಾಳೆ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಓರುಗಲ್ಲಿನಲ್ಲಿ ಕಾಕತೀಯ ರುದ್ರಮದೇವಿ ಶಾಸನಗಳಲ್ಲಿ ರುದ್ರದೇವ ಮಹಾರಾಜ ಎಂದು ಕರೆಸಿಕೊಂಡಳು. ಆಕೆಯದು ತಂದೆಯಿಂದ ಬಂದ ಪಟ್ಟ. ಸಿಂಹಾಸನ ಗಂಡಿನದೆಂದು ಭಾಷೆ ಹಟ ಹಿಡಿದಾಗ ಇಬ್ಬರೂ ಗಂಡಿನ ಬಿರುದನ್ನೇ ಎತ್ತಿಕೊಂಡರು. ಇದನ್ನು ವೇಷ ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ಬಿರುದು ಆಡಳಿತದ ಮುದ್ರೆ. ಬಾರಕೂರಿನ ವರ್ತಕನಿಗೆ, ಗಡಿಯಾಚೆಯ ಅರಸನಿಗೆ, ತೆರಿಗೆಯ ಅಧಿಕಾರಿಗೆ ಪರಿಚಿತವಾದ ಮುದ್ರೆ ‘ಪಾಂಡ್ಯಚಕ್ರವರ್ತಿ’. ಬಲ್ಲಮಹಾದೇವಿ ಅದನ್ನು ಒತ್ತಿದಳು, ರಾಜ್ಯ ನಡೆಯಿತು.

ಅದೇ ಕರಾವಳಿಯಲ್ಲಿ ಮುಂದೆ ಅಳಿಯಸಂತಾನದ ಮನೆತನಗಳು ಈ ತೊಡಕನ್ನು ಬುಡದಲ್ಲೇ ಬಿಡಿಸಿದವು. ಉಳ್ಳಾಲದ ಚೌಟ ರಾಣಿಯರಿಗೆ ಪಟ್ಟ ಬಂದದ್ದು ಗಂಡನಿಂದಲ್ಲ, ತಾಯಿಯ ಬಳಿಯಿಂದ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ದಾರಿಯಲ್ಲೇ ಕಂಡು ಮಾತಾಡಿಸಿದ. ಆಕೆ ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು ಬರಿಗಾಲಲ್ಲಿ ನಡೆದು ಹೋಗುತ್ತಿದ್ದಳು. ನೋಟಕ್ಕೆ ಅಡಿಗೆಮನೆಯ ಹೆಂಗಸಿನಂತೆ ಕಂಡಳೆಂದು ಆ ಯುರೋಪಿನವನು ಬರೆದ, ಮಾತು ಕೇಳಿದ ಮೇಲೆ ರಾಣಿಯೆಂದು ಒಪ್ಪಿದ. ಅಳಿಯಸಂತಾನದ ನಾಡಿನಲ್ಲಿ ರಾಣಿಗೆ ಹಣೆಯ ಚಿನ್ನದ ಅಗತ್ಯವಿರಲಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ, ‘ರೈನಾ ದ ಪಿಮೆಂಟಾ’ ಎಂದರು. ಹೊರಗಿನವರು ವ್ಯಾಪಾರದ ಕಣ್ಣಿನಿಂದ ಕೊಟ್ಟ ಹೆಸರು ಅದು. ಕಿತ್ತೂರಿನ ಒಡೆಯರು ದೇಸಾಯಿಗಳು. ಅಲ್ಲಿನ ಚೆನ್ನಮ್ಮನಿಗೆ ‘ರಾಣಿ’ಯನ್ನು ಶಾಶ್ವತ ಮಾಡಿದ್ದು 1824ರ ಯುದ್ಧ ಮತ್ತು ಅದನ್ನು ಹಾಡಿದ ಜನ.

ಮೈಸೂರಿನಲ್ಲಿ ಪದವಿಯ ರೂಪ ಬೇರೆ. ಅಲ್ಲಿ ಅಮ್ಮಣ್ಣಿ ಇದ್ದಾರೆ, ಸನ್ನಿಧಾನ ಇದೆ. ಟಿಪ್ಪುವಿನ ನಂತರ 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜರ ಪರವಾಗಿ ಇಂಗ್ಲಿಷರ ಒಪ್ಪಂದಕ್ಕೆ ಸಹಿ ಬಿದ್ದದ್ದು ರಾಣಿ ಲಕ್ಷ್ಮಮ್ಮಣ್ಣಿ ಮತ್ತು ದೇವಾಜಮ್ಮಣ್ಣಿಯವರದು. ಹತ್ತನೆಯ ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗ ನಾಲ್ವಡಿ ಕೃಷ್ಣರಾಜರಿಗೆ ಹತ್ತು ವರ್ಷ. ರೀಜೆಂಟರಾಗಿ 1902ರವರೆಗೆ ರಾಜ್ಯ ನಡೆಸಿದವರು ಕೆಂಪನಂಜಮ್ಮಣ್ಣಿಯವರು. ಅವರ ಪದವಿಯ ಹೆಸರು ವಾಣಿವಿಲಾಸ ಸನ್ನಿಧಾನ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು ಅವರ ಆಡಳಿತದ ಕೊನೆಯ ವರ್ಷದಲ್ಲಿ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ಅಣೆಕಟ್ಟು ವಾಣಿವಿಲಾಸ ಸಾಗರವಾಯಿತು, ಬೆಂಗಳೂರಿನ ಹೆರಿಗೆ ಆಸ್ಪತ್ರೆ ವಾಣಿವಿಲಾಸವಾಯಿತು. ಅಲ್ಲಿ ಹುಟ್ಟಿದ ಲಕ್ಷಾಂತರ ಮಕ್ಕಳ ಬಾಯಲ್ಲಿ ಆ ಹೆಸರಿದೆ. ಅದೊಬ್ಬ ಆಳಿದ ಹೆಣ್ಣಿನ ಪದವಿ ಎಂಬುದು ಎಷ್ಟು ಜನಕ್ಕೆ ಗೊತ್ತು? ಮುಂದೆ 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ಅರಸರಿಗಿದ್ದ ಮಾನ್ಯತೆಯನ್ನೂ ರಾಜಧನವನ್ನೂ ತೆಗೆದುಹಾಕಿತು. ಪ್ರಜಾರಾಜ್ಯದಲ್ಲಿ ಅದು ಆಗಬೇಕಾದದ್ದೇ.

ಪಟ್ಟ ಹೋದರೆ ನನಗೆ ದುಃಖವಿಲ್ಲ. ದುಃಖವಾಗುವುದು ಆಳಿದವರ ಲೆಕ್ಕ ತಪ್ಪುವಾಗ. ಶಾಲೆಯ ಪುಸ್ತಕದಲ್ಲಿ ಮಕ್ಕಳು ಅರಸರ ಹೆಸರು, ಇಸವಿ, ಗೆದ್ದ ಯುದ್ಧಗಳನ್ನು ಕಂಠಪಾಠ ಮಾಡುತ್ತಾರೆ. ರಾಣಿಯರು ಬರುವುದು ಕುಣಿದವರಾಗಿ, ಗುಡಿ ಕಟ್ಟಿಸಿದ ಧರ್ಮಿಷ್ಠೆಯರಾಗಿ, ಇಲ್ಲವೆ ಕೊನೆಯಲ್ಲಿ ಕತ್ತಿ ಹಿಡಿದವರಾಗಿ. ಹದಿನೆಂಟು ಅಗ್ರಹಾರಗಳನ್ನು ನಡೆಸಿದ ಲಕ್ಷ್ಮಾದೇವಿ, ಊರಿಗೆ ಕಟ್ಟಳೆ ಬರೆಸಿದ ಅಕ್ಕಾದೇವಿ, ಬಂದರಿನ ರಾಜ್ಯ ನಡೆಸಿದ ಬಲ್ಲಮಹಾದೇವಿ ಆ ಸಾಲಿಗೆ ಸೇರಬೇಕು. ದಿನದಿನದ ಆಡಳಿತ ಯುದ್ಧದಷ್ಟು ರೋಚಕವಲ್ಲ, ಆದರೆ ರಾಜ್ಯವೆಂದರೆ ಬಹುಪಾಲು ಅದೇ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಬಿ.ಎಲ್. ರೈಸ್ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳು ನಮ್ಮ ದೊಡ್ಡ ಗ್ರಂಥಾಲಯಗಳಲ್ಲಿವೆ, ಮೈಸೂರು ವಿಶ್ವವಿದ್ಯಾನಿಲಯ ಅವುಗಳನ್ನು ಪರಿಷ್ಕರಿಸಿ ಮತ್ತೆ ಪ್ರಕಟಿಸಿದೆ. ಊರುಗಳನ್ನು ತಾಲ್ಲೂಕುವಾರು ಹುಡುಕಬಹುದು. ಅವುಗಳಲ್ಲಿ ಸಿಗದ ಊರುಗಳಿಗೆ ಬೇರೆ ಶಾಸನ ಸಂಪುಟಗಳಿವೆ. ಶಿಕ್ಷಕರು ಮಕ್ಕಳಿಂದ ತಮ್ಮ ತಾಲ್ಲೂಕಿನ ಶಾಸನಗಳಲ್ಲಿ ಬರುವ ಅರಸಿಯರ, ಅಬ್ಬೆಯರ ಪಟ್ಟಿ ಮಾಡಿಸಲಿ: ಹೆಸರು, ಪದವಿ, ಆಳಿದ ನೆಲ, ಕೊಟ್ಟ ದತ್ತಿ. ಪುರಾತತ್ವ ಇಲಾಖೆ ಪಟ್ಟದಕಲ್ಲಿನ ಫಲಕಗಳಲ್ಲಿ ವಿರೂಪಾಕ್ಷದ ಪಕ್ಕಕ್ಕೆ ಲೋಕೇಶ್ವರ ಎಂಬ ಹಳೆಯ ಹೆಸರನ್ನು ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಲಿ. ನಿಮ್ಮೂರ ಗುಡಿಯ ಅಂಗಳದಲ್ಲಿ ಬೋರಲು ಬಿದ್ದ ಬರಹದ ಕಲ್ಲಿದ್ದರೆ, ಅದನ್ನು ಬಟ್ಟೆ ಒಗೆಯುವುದಕ್ಕೋ ಹೊಸಿಲಿಗೋ ಬಳಸುವ ಮೊದಲು ಶಾಸನ ಓದಬಲ್ಲ ಒಬ್ಬರಿಗೆ ತೋರಿಸಿ.